ಮಗಳಿಗೊಂದು ಪತ್ರ: ಹುಳಕ್ಕಲ್ಲ, ತೇವಕ್ಕೆ ಹೆದರು

ಪ್ರೀತಿಯ ಪುಟ್ಟಿ,

ಆರು ತಿಂಗಳ ದಿನಸಿ ಒಟ್ಟಿಗೇ ತಂದಿಡ್ತೀನಿ ಅಂತ ಬರೆದಿದ್ದೀಯ. ತಂದಿಡು, ಬೇಡ ಅನ್ನಲ್ಲ. ಪದೇ ಪದೇ ಅಂಗಡಿಗೆ ಓಡೋದಾದರೂ ತಪ್ಪುತ್ತದೆ. ಆದರೆ ನಿನ್ನ ಭಯವೆಲ್ಲ ಹುಳದ ಮೇಲೇ ಇದೆ, ತೇವದ ಬಗ್ಗೆ ಒಂದು ಸಾಲೂ ಇಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳದೆ ಓದು.

ಮೊದಲು ಹುಳದ ಕತೆ ಮುಗಿಸಿಬಿಡೋಣ. ಅಕ್ಕಿಯಲ್ಲಿ ಓಡಾಡುವ ಆ ಉದ್ದ ಮೂತಿಯ ಕಂದು ಹುಳ ಎಲ್ಲಿಂದಲೋ ಹಾರಿ ಬಂದು ಡಬ್ಬಿ ಹೊಕ್ಕಿದ್ದಲ್ಲ, ಹೆಚ್ಚಿನ ಸಲ ಅಕ್ಕಿಯ ಜೊತೆಯಲ್ಲೇ ಮನೆಗೆ ಬಂದಿರುತ್ತದೆ. ಹೆಣ್ಣು ಹುಳ ಕಾಳಿಗೆ ಸಣ್ಣ ತೂತು ಕೊರೆದು, ಒಳಗೊಂದು ಮೊಟ್ಟೆ ಇಟ್ಟು, ಅಂಟಿನಿಂದ ಮುಚ್ಚಿಬಿಡುತ್ತದೆ. ನಿನ್ನ ಕಣ್ಣಿಗೆ ಆ ತೂತು ಕಾಣೋದೇ ಇಲ್ಲ. ಮರಿ ಕಾಳನ್ನು ಒಳಗಿಂದಲೇ ತಿಂದು ಬೆಳೆದು, ಸೆಕೆ ಇದ್ದರೆ ಸುಮಾರು ಒಂದು ತಿಂಗಳಲ್ಲಿ ಹೊರಗೆ ಬರುತ್ತದೆ. ತಂದ ದಿನ ಚೊಕ್ಕಟವಾಗಿದ್ದ ಅಕ್ಕಿಯಲ್ಲಿ ಮುಂದಿನ ತಿಂಗಳು ಹುಳ ಕಂಡರೆ ಡಬ್ಬಿಯನ್ನು ಬೈದು ಏನು ಪ್ರಯೋಜನ?

ಇದಕ್ಕೆ ಮದ್ದು ಫ್ರೀಜರ್. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಕನಿಷ್ಠ ನಾಲ್ಕು ದಿನ, ಚೀಲ ದೊಡ್ಡದಾಗಿದ್ದರೆ ಒಂದು ವಾರ ಇಟ್ಟರೆ ಮೊಟ್ಟೆಯೂ ಸಾಯುತ್ತದೆ. ಆದರೆ ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚಬೇಡ. ತಣ್ಣಗಿರುವ ಕಾಳಿಗೆ ಹೊರಗಿನ ಗಾಳಿ ತಾಗಿದರೆ ಬೆವರಿದ ಹಾಗೆ ನೀರು ಕೂರುತ್ತದೆ. ಕಟ್ಟಿದ ಹಾಗೇ ಒಂದಿಡೀ ದಿನ ಬಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ಡಬ್ಬಿಗೆ ಸುರಿ. ಬಿಸಿಲಿಗೆ ಹಾಕಿದರೂ ಇದೇ ಲೆಕ್ಕ, ಪೂರ್ತಿ ಆರಿದ ಮೇಲೆಯೇ ಮುಚ್ಚಳ. ಇನ್ನು ಒಂದೆರಡು ಹುಳ ಕಂಡರೆ ಜರಡಿ ಹಿಡಿದು, ತೊಳೆದು ಬೇಯಿಸು. ಹೇಸಿಗೆ ಅನ್ನಿಸಬಹುದು, ಆದರೆ ಹೊಟ್ಟೆಗೆ ಏನೂ ಆಗಲ್ಲ. ಹಿಟ್ಟಿನಲ್ಲಿ ನೂಲು ನೂಲಾಗಿ ಬಲೆ ಕಟ್ಟಿದ್ದರೆ ಮಾತ್ರ ಅದು ಪತಂಗದ ಮರಿ. ಅದನ್ನು ಎಸೆದುಬಿಡು. ಆ ಮರಿಗಳು ತೆಳು ಪ್ಲಾಸ್ಟಿಕ್ ಕವರನ್ನೂ ಕಚ್ಚಿ ತೂತು ಮಾಡುತ್ತವೆ, ಹಾಗಾಗಿ ಅಂಗಡಿಯ ಕವರಿನಲ್ಲೇ ತಿಂಗಳುಗಟ್ಟಲೆ ಇಡೋದು ಬೇಡ.

ಈಗ ತೇವ. ಹುಳ ಕಣ್ಣಿಗೆ ಕಾಣುತ್ತದೆ, ಬೂಷ್ಟು ಕಾಣೋ ಹೊತ್ತಿಗೆ ತಡವಾಗಿರುತ್ತದೆ. ಕೆಲವು ಬೂಷ್ಟುಗಳು ಅಫ್ಲಟಾಕ್ಸಿನ್ ಅನ್ನುವ ವಿಷ ಬಿಡುತ್ತವೆ. ಅದು ಲಿವರ್ ಹಾಳು ಮಾಡುವಂಥದ್ದು, ಅಡುಗೆಯ ಬಿಸಿಗೆ ಪೂರ್ತಿ ಹೋಗುವುದೂ ಇಲ್ಲ. "ತೊಳೆದು ಚೆನ್ನಾಗಿ ಬೇಯಿಸಿದರೆ ಆಯ್ತು" ಅನ್ನುವ ಮಾತು ಹುಳಕ್ಕೆ ಸರಿ, ಬೂಷ್ಟಿಗೆ ಅಲ್ಲ. ಮುಗ್ಗು ವಾಸನೆ ಬಂದರೆ, ಕಾಳು ಗಂಟು ಕಟ್ಟಿದ್ದರೆ, ಹಸಿರೋ ಕಪ್ಪೋ ಬಣ್ಣ ಹತ್ತಿದ್ದರೆ, ಮೇಲಿನದ್ದು ತೆಗೆದು ಕೆಳಗಿನದ್ದು ಉಳಿಸೋಣ ಅನ್ನುವ ಲೆಕ್ಕ ಹಾಕಬೇಡ. ಅಷ್ಟೂ ಎಸೆ.

ತಂದ ಕಾಳು ಒಣಗಿದೆಯಾ ಅಂತ ನೋಡೋಕೆ ಸುಲಭದ ದಾರಿ ಇದೆ. ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಕಾಳು ಹಾಕು. ಮೇಲೆ ಎರಡು ಮೂರು ಚಮಚ ಒಣ ಪುಡಿಯುಪ್ಪು ಹಾಕಿ, ಮುಚ್ಚಳ ಬಿಗಿದು ಎರಡು ಮೂರು ನಿಮಿಷ ಅಲ್ಲಾಡಿಸು. ಸ್ವಲ್ಪ ಹೊತ್ತು ಸುಮ್ನೆ ಇಟ್ಟು ನೋಡು. ಉಪ್ಪು ಗಾಜಿನ ಗೋಡೆಗೆ ಮೆತ್ತಿಕೊಂಡಿದ್ದರೆ ಕಾಳಿನ ತೇವ ಸುಮಾರು ಶೇಕಡಾ 15ಕ್ಕಿಂತ ಜಾಸ್ತಿ ಇದೆ ಅಂತ. ಉಪ್ಪು ಪೂರ್ತಿ ತಳಕ್ಕೆ ಉದುರಿದರೆ ಡಬ್ಬಿಗೆ ತುಂಬಬಹುದು.

ಡಬ್ಬಿಗೂ ಪರೀಕ್ಷೆ ಇದೆ. ಖಾಲಿ ಡಬ್ಬಿಗೆ ಸ್ವಲ್ಪ ನೀರು ಹಾಕಿ ಮುಚ್ಚಿ ಸಿಂಕಿನ ಮೇಲೆ ತಲೆಕೆಳಗು ಮಾಡು. ನೀರು ಹನಿದರೆ ಗಾಳಿಯೂ ಹೋಗುತ್ತದೆ. ಆಮೇಲೆ ರಾತ್ರಿಯಿಡೀ ಒಣಗಿಸಿಯೇ ತುಂಬಬೇಕು, ಇಲ್ಲದಿದ್ದರೆ ಪರೀಕ್ಷೆ ಮಾಡಿಯೇ ಡಬ್ಬಿ ಕೆಡಿಸಿದ ಹಾಗಾಗುತ್ತದೆ! ಗಾಜು, ಸ್ಟೀಲು, ಆಹಾರಕ್ಕೆಂದೇ ಮಾಡಿದ ಗಟ್ಟಿ ಪ್ಲಾಸ್ಟಿಕ್, ಯಾವುದಾದರೂ ಸರಿ. ಇಲಿ ಇರುವ ಮನೆಯಾದರೆ ಪ್ಲಾಸ್ಟಿಕ್ ನಂಬಬೇಡ, ಕಡಿದುಬಿಡುತ್ತದೆ. ಬಣ್ಣ, ಸೋಪುಪುಡಿ, ಔಷಧ ಇದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಊಟದ್ದಕ್ಕೆ ಬಳಸಬೇಡ.

ಒಂದೇ ಡ್ರಮ್ಮಿಗೆ ಎಲ್ಲ ಸುರಿಯುವುದು ನನಗಂತೂ ಇಷ್ಟ ಇಲ್ಲ. ದಿನಾ ತೆಗೆದು ಮುಚ್ಚಿ ಮಾಡಿದರೆ, ಒಲೆಯ ಹಬೆ ತಾಗಿದ ಕೈ ಹಾಕಿದರೆ, ಒದ್ದೆ ಲೋಟದಲ್ಲಿ ಅಳೆದರೆ ಇಡೀ ದಾಸ್ತಾನಿಗೆ ತೇವ ಹೋಗುತ್ತದೆ. ಸಣ್ಣ ಸಣ್ಣ ಡಬ್ಬಿ ಮಾಡು. ಒಂದು ಅಡುಗೆಮನೆಯಲ್ಲಿರಲಿ, ಉಳಿದವು ಮುಚ್ಚಿಯೇ ಇರಲಿ. ಕೆಟ್ಟರೂ ಒಂದೇ ಕೆಡುತ್ತದೆ. ಹಳೇದರ ಮೇಲೆ ಹೊಸದು ಸುರಿಯಲೇಬೇಡ, ತಳದ್ದು ವರ್ಷಗಟ್ಟಲೆ ತಳದಲ್ಲೇ ಕೂರುತ್ತದೆ. ತಾರೀಖು ಬರೆದು ಅಂಟಿಸು, ಹಳೇದು ಮುಂದೆ ಬರಲಿ.

ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ತರಬೇಡ. ಬಿಳಿ ಅಕ್ಕಿ, ಇಡೀ ಗೋಧಿ, ಬೇಳೆ ಒಣಗಿದ್ದರೆ ತುಂಬ ಕಾಲ ಇರುತ್ತವೆ. ಸಕ್ಕರೆ, ಉಪ್ಪು ಕೆಡುವುದೇ ಇಲ್ಲ ಅನ್ನಬಹುದು. ಪಾಲಿಶ್ ಮಾಡದ ಕೆಂಪಕ್ಕಿ, ಹೊಟ್ಟಿನ ಸಮೇತ ಬೀಸಿದ ಹಿಟ್ಟು, ಕಡಲೇಬೀಜದಂಥವು ಹಾಗಲ್ಲ. ಅವುಗಳಲ್ಲಿ ಎಣ್ಣೆ ಇದೆ, ಗಾಳಿ ತಾಗಿ ಕಮಟು ಬರುತ್ತದೆ. ಒಂದೆರಡು ತಿಂಗಳಿಗಾಗುವಷ್ಟೇ ತಾ, ಇಲ್ಲವೇ ಫ್ರೀಜರಿನಲ್ಲಿಡು. ಕಾಳುಗಳು ಹಳೆಯದಾದಷ್ಟೂ ಎಷ್ಟು ಬೇಯಿಸಿದರೂ ಮೆತ್ತಗಾಗಲ್ಲ, ಅಷ್ಟೇ. ಅದಕ್ಕೆ ಹೆದರಬೇಡ.

ಡಬ್ಬಿಯೊಳಗೆ ಹಾಕುವ, ಆಮ್ಲಜನಕ ಹೀರುವ ಆ ಪುಟ್ಟ ಪೊಟ್ಟಣಗಳ ಬಗ್ಗೆ ನೀನು ಕೇಳಿದ್ದೆ. ಅದರೊಳಗೆ ಇರೋದು ಕಬ್ಬಿಣದ ಪುಡಿ. ಅದು ತುಕ್ಕು ಹಿಡಿಯುತ್ತಾ ಡಬ್ಬಿಯ ಆಮ್ಲಜನಕ ಎಳೆದುಕೊಳ್ಳುತ್ತದೆ, ಹುಳಕ್ಕೆ ಉಸಿರಿಲ್ಲ. ಬಿಳಿ ಅಕ್ಕಿಗೆ ಒಳ್ಳೆಯದೇ. ಸಕ್ಕರೆಗೆ ಹಾಕಿದರೆ ಕಲ್ಲಾಗುತ್ತದೆ, ಉಪ್ಪಿಗೆ ಬೇಕಾಗೇ ಇಲ್ಲ. ಮೆತ್ತಗೆ ಪಸೆ ಇರುವ ಪದಾರ್ಥಕ್ಕಂತೂ ಹಾಕಲೇಬಾರದು. ತೇವ ಇದ್ದು ಗಾಳಿ ಇಲ್ಲದ ಕಡೆ ಬಾಟ್ಯುಲಿಸಂ ಅನ್ನುವ, ಜೀವಕ್ಕೇ ಕುತ್ತಾಗಬಹುದಾದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಶೇಕಡಾ 10ಕ್ಕಿಂತ ಕಡಿಮೆ ತೇವ ಇರುವಂಥದ್ದಕ್ಕೆ ಮಾತ್ರ ಈ ಪೊಟ್ಟಣ. ಮೇಲಿನ ಉಪ್ಪಿನ ಪರೀಕ್ಷೆ ಇದಕ್ಕೆ ಸಾಕಾಗಲ್ಲ, ನೆನಪಿರಲಿ.

ಇನ್ನೊಂದು ವಿಷಯದಲ್ಲಿ ಜಗಳಕ್ಕೇ ಬರ್ತೀನಿ. ಗೋದಾಮಿನಲ್ಲಿ ಹುಳ ಸಾಯಿಸೋಕೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಯಾರೇ ಕೊಟ್ಟರೂ ಮನೆಯೊಳಗೆ ತರಬೇಡ. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಮಲಗಿದವರ ಜೀವ ಹೋಗಿಬಿಡುತ್ತದೆ. ಒಂದು ಡಬ್ಬಿ ಅಕ್ಕಿ ಹೋದರೆ ಹೋಗಲಿ ಬಿಡು.

ಅಟ್ಟದ ಮೇಲೆ ಇಡ್ತೀನಿ ಅಂದಿದ್ದೀಯಲ್ಲ, ಅದೂ ಬೇಡ. ಸೂರಿಗೆ ಹತ್ತಿರ ಇರೋದರಿಂದ ಮನೆಯಲ್ಲೇ ಜಾಸ್ತಿ ಕಾಯುವ ಜಾಗ ಅದು, ಬಿಸಿಯಲ್ಲಿ ಹುಳವೂ ಬೇಗ ಬೆಳೆಯುತ್ತದೆ, ಎಣ್ಣೆಯೂ ಬೇಗ ಕಮಟುತ್ತದೆ. ಸಿಂಕಿನ ಕೆಳಗಂತೂ ಪೈಪು ಸೋರುತ್ತದೆ. ಮಂಚದ ಕೆಳಗೆ ಜಾಗ ಇದ್ದರೆ ನೋಡು, ತಂಪು, ಕತ್ತಲು ಎರಡೂ ಸಿಗುತ್ತದೆ. ಆದರೆ ಬರಿ ನೆಲದ ಮೇಲೆ ಇಡಬೇಡ, ಹಲಗೆ ಹಾಕು, ಗೋಡೆಗೆ ತಾಗದ ಹಾಗೆ ಒಂದು ಗೇಣು ಬಿಡು. ಹಲಗೆ ಸಿಗದಿದ್ದರೆ ಹೇಳು, ಅಪ್ಪನ ಹತ್ತಿರ ಕೊಯ್ಸಿ ಕಳಿಸ್ತೀನಿ, ಅಳತೆ ಮಾತ್ರ ಸರಿಯಾಗಿ ಬರೆದು ಕಳಿಸು.

ಪ್ರೀತಿಯಿಂದ,
ಅಮ್ಮ