ಸ್ಯಾಂಡಿ ‘ಅವನು’ ಅಲ್ಲ ಸ್ವಾಮಿ

ಗೆ,
ಗ್ರಾಹಕ ಸೇವಾ ವಿಭಾಗ,
ಕ್ರೀಡಾ ಸುದ್ದಿ ಆಪ್

ವಿಷಯ: ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ನ್ಯೂಯಾರ್ಕ್ ಲಿಬರ್ಟಿಯ ಕೋಚ್ ಬದಲಾವಣೆ ಸುದ್ದಿಯಲ್ಲಿನ ತಪ್ಪುಗಳು

ಮಾನ್ಯರೇ,

ನಾನು ನಿಮ್ಮ ಆಪ್‌ಗೆ ಒಂದು ವರ್ಷದ ಚಂದಾ ಕಟ್ಟಿದ್ದೇನೆ. ಮಹಿಳಾ ಬ್ಯಾಸ್ಕೆಟ್‌ಬಾಲ್ ಸುದ್ದಿ ಕನ್ನಡದಲ್ಲೇ ಸಿಗುತ್ತದೆ ಅಂತ ನೀವು ಹೇಳಿದ್ದಕ್ಕೇ ಕಟ್ಟಿದ್ದು. ಮಗಳು ಶಾಲೆಯ ತಂಡದಲ್ಲಿ ಆಡುತ್ತಾಳೆ, ಅವಳೂ ಓದುತ್ತಾಳೆ.

2025ರ ಸೆಪ್ಟೆಂಬರ್ 23ರಂದು, ಕೋಚ್ ಸ್ಯಾಂಡಿ ಬ್ರಾಂಡೆಲ್ಲೊ ಅವರ ಒಪ್ಪಂದ ಮುಂದುವರಿಸುವುದಿಲ್ಲ ಎಂದು ಲಿಬರ್ಟಿ ತಿಳಿಸಿತು. ನೀವು ಬರೆದಿದ್ದು: ‘ಕೋಚ್ ವಜಾ, ಅವನ ಪರ ನಿಂತ ಅಭಿಮಾನಿಗಳು ಗರಂ’.

ಸ್ಯಾಂಡಿ ಹೆಂಗಸು. ಆಸ್ಟ್ರೇಲಿಯಾ ಪರ ಒಲಿಂಪಿಕ್ಸ್ ಆಡಿದವರು. ಕೋಚ್ ಅಂದ ಕೂಡಲೇ ಗಂಡಸೇ ಇರಬೇಕು ಅಂತ ಯಾಕೆ ಅಂದುಕೊಂಡಿರಿ? ಹೋಗಲಿ, ಗಂಡಸೇ ಆಗಿದ್ದರೂ ‘ಅವನು’ ಅಂತ ಬರೆಯೋದಾ? ಕ್ರಿಕೆಟ್ ಕೋಚ್‌ಗೆ ಯಾವತ್ತಾದರೂ ಹಾಗೆ ಬರೆದಿದ್ದೀರಾ? ಒಪ್ಪಂದ ಮುಂದುವರಿಸದೇ ಇರುವುದೂ ವಜಾ ಮಾಡುವುದೂ ಒಂದೇ ಅಲ್ಲ ಅನ್ನೋದು ಬೇರೆ ಮಾತು.

ನನಗೆ ಇನ್ನೂ ಜಾಸ್ತಿ ಬೇಜಾರಾಗಿದ್ದು ‘ಅಭಿಮಾನಿಗಳು ಗರಂ’ ಅಂತ ಎರಡೇ ಪದದಲ್ಲಿ ಮುಗಿಸಿದ್ದು. 1997ರಿಂದ ಆಡುತ್ತಿರುವ ತಂಡ ಇದು. ಐದು ಸಲ ಫೈನಲ್‌ನಲ್ಲಿ ಸೋತು, 2024ರ ಅಕ್ಟೋಬರ್‌ನಲ್ಲಿ ಮೊದಲ ಸಲ ಕಪ್ ಗೆದ್ದಿತು. ಮಿನ್ನೆಸೋಟ ಲಿಂಕ್ಸ್ ವಿರುದ್ಧ ಓವರ್‌ಟೈಮ್‌ನಲ್ಲಿ 67-62. ನಮಗೆ ಅದು ಸೋಮವಾರ ಬೆಳಗಿನ ಜಾವ. ಒಲೆ ಮೇಲಿಟ್ಟ ಹಾಲು ಉಕ್ಕಿ ಹೋದದ್ದು ನನಗೂ ಮಗಳಿಗೂ ಗೊತ್ತೇ ಆಗಲಿಲ್ಲ. ಆ ಕಪ್ ಗೆಲ್ಲಿಸಿದ ಕೋಚ್ ಒಂದೇ ವರ್ಷದಲ್ಲಿ ಮನೆಗೆ ಹೋದರೆ ಸುಮ್ನೆ ಇರೋಕಾಗುತ್ತಾ?

ಹಾಗಂತ ಎಲ್ಲರೂ ಒಂದೇ ಥರ ಸಿಟ್ಟಾಗಿಲ್ಲ. ನನ್ನ ಚಿಕ್ಕಮ್ಮನ ಮಗಳು ಜರ್ಸಿ ಸಿಟಿಯಲ್ಲಿದ್ದಾಳೆ, ಬ್ರೂಕ್ಲಿನ್‌ಗೆ ಹೋಗಿ ಲಿಬರ್ಟಿ ಪಂದ್ಯ ನೋಡುತ್ತಾಳೆ. ‘ಮುಖ್ಯ ಆಟಗಾರ್ತಿಯರಾದ ಸ್ಟೀವರ್ಟ್, ಜೋನ್ಸ್ ಇಬ್ಬರೂ ಗಾಯ ಮಾಡಿಕೊಂಡು ವಾರಗಟ್ಟಲೆ ಹೊರಗೆ ಕೂತಿದ್ದರು, ಕೋಚ್ ಏನು ಮಾಡಬೇಕಿತ್ತು?’ ಅಂತ ಅವಳ ವಾದ. ಅವಳ ಗಂಡ ಒಪ್ಪಲ್ಲ. ‘ಸೀಸನ್‌ನ ಮೊದಲ ಒಂಬತ್ತೂ ಪಂದ್ಯ ಗೆದ್ದವರು ಆಮೇಲಿನ 35ರಲ್ಲಿ 18 ಗೆದ್ದರು. ಎಲ್ಲಾ ಗಾಯದ ತಲೆಗೇ ಕಟ್ಟಬೇಡ’ ಅಂತಾನೆ. ಫೀನಿಕ್ಸ್ ತಂಡದ ಕೈಲಿ ಪ್ಲೇಆಫ್‌ನ ಮೊದಲ ಸುತ್ತಲ್ಲೇ ಸೋತ ದಿನದಿಂದ ಆ ಮನೆಯಲ್ಲಿ ಎರಡು ಪಾರ್ಟಿ. ನಾನು ಅವಳ ಕಡೆ, ಆದರೆ ಅವನ ಲೆಕ್ಕಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇದರಲ್ಲಿ ಒಂದು ಸಾಲಾದರೂ ನಿಮ್ಮ ಸುದ್ದಿಯಲ್ಲಿ ಬೇಡವಾ?

ತಪ್ಪು ತಿದ್ದಿ ಅಂತ ಆಪ್‌ನಲ್ಲೇ ಎರಡು ಸಲ ಬರೆದೆ. ಎರಡೂ ಸಲ ‘ನಿಮ್ಮ ದೂರು ಬಗೆಹರಿದಿದೆ’ ಅಂತ ಉತ್ತರ ಬಂತು. ಸುದ್ದಿ ಮಾತ್ರ ಹಾಗೇ ಇದೆ. ಆಮೇಲೆ ಬ್ರಾಂಡೆಲ್ಲೊ ಹೊಸ ತಂಡ ಟೊರಾಂಟೊ ಟೆಂಪೊ ಸೇರಿದರು. ಲಿಬರ್ಟಿಗೆ ಪುರುಷರ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನಿಂದ ಕ್ರಿಸ್ ಡಿಮಾರ್ಕೊ ಕೋಚ್ ಆಗಿ ಬಂದರು. ಇವರು ನಿಜಕ್ಕೂ ಗಂಡಸು, ಆದರೆ ಆ ಸುದ್ದಿ ನಿಮ್ಮಲ್ಲಿ ಬರಲೇ ಇಲ್ಲ.

ದಯವಿಟ್ಟು ಆ ಸುದ್ದಿಯನ್ನು ತಿದ್ದಿ, ತಿದ್ದಿದ್ದೇವೆ ಅಂತ ಅದರ ಕೆಳಗೇ ಹಾಕಿ. ಹದಿನೈದು ದಿನದಲ್ಲಿ ಆಗದಿದ್ದರೆ ಉಳಿದ ತಿಂಗಳುಗಳ ಚಂದಾ ಹಣ ವಾಪಸ್ ಕೊಡಿ. ಉತ್ತರವನ್ನು ದಯವಿಟ್ಟು ಮನುಷ್ಯರೊಬ್ಬರು ಬರೆಯಲಿ.

ಇಂತಿ,
ನಿಮ್ಮ ಚಂದಾದಾರಳು,
ಬೆಂಗಳೂರು