ನೀಲಾಳ ಓದಿನ ಬಗ್ಗೆ ಅಪ್ಪನಿಗೆ

ಕೊಲಂಬಸ್, ಒಹಾಯೊ

ತೀರ್ಥರೂಪರಾದ ಅಪ್ಪನವರಿಗೆ ಹಾಗೂ ಅವ್ವನಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ನಿಮ್ಮ ಕಾಗದ ಕೈಸೇರಿತು. ನೀಲಾ ಎರಡು ವಿಷಯಗಳಲ್ಲಿ ಫೇಲಾಗಿರುವುದೂ, ಅದನ್ನೇ ನೆಪ ಮಾಡಿಕೊಂಡು ಕಾಕಾ ಸಿಂಧನೂರಿನ ಸಂಬಂಧದ ಮಾತನ್ನು ಮತ್ತೆ ಎತ್ತಿರುವುದೂ ತಿಳಿಯಿತು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ರಾತ್ರಿ ಹನ್ನೆರಡರ ತನಕ ಓದುತ್ತಾಳೆ, ಪುಸ್ತಕದ ತುಂಬ ಹಳದಿ ಬಣ್ಣ ಬಳಿದಿದ್ದಾಳೆ, ಆದರೂ ತಲೆಗೆ ಹತ್ತುತ್ತಿಲ್ಲ ಎಂದು ಬರೆದಿದ್ದೀರಿ. ಅಪ್ಪಾ, ಅವಳ ತಲೆ ಚೆನ್ನಾಗಿಯೇ ಇದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ಹುಡುಗಿ ಇಂಗ್ಲಿಷಿನ ಒಂದೇ ಪುಟವನ್ನು ಮತ್ತೆ ಮತ್ತೆ ಓದಿದಾಗ ಸಾಲುಗಳ ಗುರುತು ಹತ್ತುತ್ತದೆ, ಗುರುತು ಹತ್ತಿದ್ದನ್ನೇ ಕಲಿತದ್ದೆಂದು ಮನಸ್ಸು ನಂಬಿಬಿಡುತ್ತದೆ, ಪರೀಕ್ಷೆಯಲ್ಲಿ ಪುಸ್ತಕ ಎದುರಿಗಿಲ್ಲದಾಗ ಕೈ ಓಡುವುದಿಲ್ಲ.

ಇದು ನನ್ನೊಬ್ಬನ ಮಾತಲ್ಲ. ಸೇಂಟ್ ಲೂಯಿಸಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕ್ ಎಂಬುವರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಪಾಠವನ್ನು ಬರೀ ಓದುತ್ತಲೇ ಇದ್ದ ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರ ಕಳೆದ ಮೇಲೆ ಅವರಿಗೆ ಉಳಿದದ್ದು ಶೇಕಡ 40 ಮಾತ್ರ. ಒಮ್ಮೆ ಓದಿ, ಪುಸ್ತಕ ಮುಚ್ಚಿ, ಮೂರು ಸಲ ನೆನಪಿನಿಂದ ಬರೆದವರಿಗೆ ಶೇಕಡ 61 ಉಳಿದಿತ್ತು.

ನಾನು ಓದುತ್ತಿರುವ ಈ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲೇ ಪ್ರಾಧ್ಯಾಪಕರಾಗಿದ್ದ ಫ್ರಾನ್ಸಿಸ್ ರಾಬಿನ್ಸನ್ ಅವರು 1946ರಲ್ಲೇ ಇದಕ್ಕೊಂದು ಕ್ರಮ ಹಾಕಿಕೊಟ್ಟಿದ್ದಾರೆ: ಮೊದಲು ಅಧ್ಯಾಯವನ್ನು ಮೇಲೆ ಮೇಲೆ ನೋಡುವುದು, ಪ್ರತಿ ಶೀರ್ಷಿಕೆಯನ್ನೂ ಪ್ರಶ್ನೆಯಾಗಿಸುವುದು, ಉತ್ತರ ಹುಡುಕುತ್ತ ಓದುವುದು, ಪುಸ್ತಕ ನೋಡದೆ ಹೇಳುವುದು, ಕಡೆಗೆ ಮತ್ತೊಮ್ಮೆ ತಿರುವಿಹಾಕುವುದು. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಏರೆಂಕೈಮಾ, ಅಂದರೆ ಗಿಡದೊಳಗಿನ ಗಾಳಿಗೂಡುಗಳ ಅಂಗಾಂಶ, ಎಂಬ ಶೀರ್ಷಿಕೆ ಬಂತೆನ್ನಿ. ನೀಲಾ ಅದರ ಕೆಳಗಿನ ಸಾಲುಗಳನ್ನು ಬಾಯಿಪಾಠ ಮಾಡುವ ಬದಲು, ನೀರು ನಿಂತರೆ ತೊಗರಿಯ ಬೇರು ಕೊಳೆಯುತ್ತದೆ, ಭತ್ತದ್ದು ಏಕೆ ಕೊಳೆಯುವುದಿಲ್ಲ ಎಂದು ಅಂಚಿನಲ್ಲಿ ಬರೆದುಕೊಂಡು ಓದಲಿ. ಭತ್ತದೊಳಗಿನ ಗಾಳಿಗೂಡುಗಳ ಮೂಲಕ ಮೇಲಿನ ಗಾಳಿ ಬೇರಿಗೆ ಇಳಿಯುತ್ತದೆ ಎಂಬುದು ಸಿಕ್ಕಿದ ಕೂಡಲೇ ಪುಟ ಮುಚ್ಚಿ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಲಿ. ಗೊತ್ತಿಲ್ಲದ ಪದ ಬಂದಾಗಲೆಲ್ಲ ಡಿಕ್ಷನರಿ ತೆಗೆಯುವುದು ಬೇಡ. ಗೆರೆ ಎಳೆದು ಮುಂದೆ ಹೋಗಿ, ಪ್ಯಾರಾ ಮುಗಿದ ಮೇಲೆ ನೋಡಿದರೆ ಸಾಕು.

ಪುಸ್ತಕದಲ್ಲಿ ಬರೆಯುವುದೆಂದರೆ ನಿಮಗೆ ಕಸಿವಿಸಿಯಾದೀತು. ಇಲ್ಲಿ ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಂಡರೆ ಅಂಚಿನ ತುಂಬ ಹಳಬರ ಪ್ರಶ್ನೆ, ತಕರಾರು, ಉತ್ತರಗಳೇ ಇರುತ್ತವೆ. ಲೈಬ್ರರಿಯಲ್ಲಿ ಹುಡುಗರು ಅಂಗೈಯಿಂದ ಪುಟ ಮುಚ್ಚಿ, ಗೋಡೆ ನೋಡುತ್ತ ತುಟಿ ಅಲ್ಲಾಡಿಸುತ್ತಾರೆ. ಮೊದಲ ದಿನ ನೋಡಿ ನಗು ಬಂದಿತ್ತು. ಆದರೆ ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಮ್ಮ ಪದ್ಧತಿಯನ್ನು ನಾನು ಬಿಟ್ಟಿಲ್ಲ. ನೀಲಾ ಪೆನ್ಸಿಲಿನಲ್ಲೇ ಬರೆಯಲಿ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಸಂಜೆ ಗದ್ದೆಯಿಂದ ಬಂದು ಕೈಕಾಲು ತೊಳೆದುಕೊಂಡ ಮೇಲೆ ಅವಳನ್ನು ಎದುರಿಗೆ ಕೂಡಿಸಿಕೊಂಡು, ಈ ಹೊತ್ತು ಏನು ಓದಿದೆ, ಪುಸ್ತಕ ಅತ್ತ ಇಟ್ಟು ಹೇಳು ಎಂದು ಕೇಳಿ. ನಿಮಗೆ ಇಂಗ್ಲಿಷ್ ಬಾರದಿರುವುದೇ ಒಳ್ಳೆಯದಾಯಿತು. ನಿಮಗೆ ತಿಳಿಯುವಂತೆ ಹೇಳಬೇಕಾದರೆ ಅವಳಿಗೇ ಮೊದಲು ತಿಳಿಯಬೇಕು. ತಡವರಿಸಿದರೆ ದಯವಿಟ್ಟು ಬೈಯಬೇಡಿ, ತಡವರಿಸಿದ ಜಾಗವನ್ನೇ ಮರುದಿನ, ಮತ್ತೆ ಒಂದು ವಾರ ಬಿಟ್ಟು ಕೇಳಿ.

ಮದುವೆಯ ಮಾತನ್ನು ಅವಳ ಡಿಗ್ರಿ ಮುಗಿಯುವ ತನಕ ಎತ್ತಬೇಡಿ ಎಂದು ಕಾಕಾನಿಗೆ ನೀವೇ ಹೇಳಬೇಕು. ಗಂಡಿನ ಮನೆಯವರು ಕಾಯುವುದಿಲ್ಲವೆಂದರೆ ಬೇರೆ ಸಂಬಂಧ ಸಿಗುತ್ತದೆ. ಅರ್ಧಕ್ಕೆ ಬಿಟ್ಟ ಕಾಲೇಜಿಗೆ ಅವಳನ್ನು ಮತ್ತೆ ಕಳಿಸುವವರು ಯಾರು? ಫೇಲಾದ ವಿಷಯಗಳ ಫೀಸು ನಾನೇ ಕಳಿಸುತ್ತೇನೆ, ಆ ಚಿಂತೆ ಬೇಡ.

ನನ್ನ ಬಗ್ಗೆಯೂ ಏನೇನೂ ಚಿಂತೆ ಬೇಡ. ಆರೋಗ್ಯ ಚೆನ್ನಾಗಿದೆ, ಚಳಿಗೆ ದಪ್ಪ ಕೋಟು ಇದೆ, ರೂಮು ಬೆಚ್ಚಗಿದೆ, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ ಇನ್ನೂ ಇದೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ನಿಜವಾಗಿಯೂ ಯಾವ ತೊಂದರೆಯೂ ಇಲ್ಲ. ಬಸ್ಸಿಗೆ ಹೊತ್ತಾಯಿತು. ಭಾನುವಾರ ಫೋನ್ ಮಾಡುತ್ತೇನೆ, ನೀಲಾ ಮನೆಯಲ್ಲೇ ಇರಲಿ.

ನಿಮ್ಮ ಮಗ,
ಶರಣಪ್ಪ