ಹಾಕಿ ಹರಾಜಿನಲ್ಲಿ ಕರ್ನಾಟಕದ ಕುರ್ಚಿ ಎಲ್ಲಿದೆ? ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಹಾಕಿ ಇಂಡಿಯಾ ಲೀಗ್‌ಗೆ ಕರ್ನಾಟಕದ ಹೆಸರಿನ ತಂಡವೊಂದನ್ನು ತರುವ ಕುರಿತು.

ಮಾನ್ಯರೇ,

ಸೋಮವಾರಪೇಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ 31 ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿ ದುಡಿದು ನಿವೃತ್ತನಾದವನು ನಾನು. ಈ ವಿಷಯವಾಗಿ ಕಚೇರಿಯ ಮೂಲಕವೇ ಅರ್ಜಿ ಸಲ್ಲಿಸಿದ್ದೆ, ಕಾದೆ, ಉತ್ತರವನ್ನೂ ಪಡೆದೆ. ಆ ಉತ್ತರವನ್ನು ಓದಿದ ಮೇಲೆಯೇ ನಾಲ್ಕು ಜನ ಓದುವಂತೆ ಬರೆಯುವುದೆಂದು ನಿರ್ಧರಿಸಿದ್ದು. ಅದೇನೆಂಬುದನ್ನು ಮುಂದೆ ಹೇಳುತ್ತೇನೆ. ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹಾಕಿ ಇಂಡಿಯಾ ಲೀಗ್‌ನಲ್ಲಿ ಕರ್ನಾಟಕಕ್ಕೆ ಒಂದು ತಂಡ ಬೇಕು. ತಂಡಗಳು ಕೂಗಿ ಆಟಗಾರರನ್ನು ಕೊಳ್ಳುವ ಮುಂದಿನ ಹರಾಜಿನ ದಿನ ಆ ಕೋಣೆಯಲ್ಲಿ ನಮ್ಮ ರಾಜ್ಯದ ಹೆಸರು ಬರೆದ ಒಂದು ಮೇಜು ಇರಬೇಕು.

2024ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಮೂರು ದಿನ ಹರಾಜು ನಡೆಯಿತು, ಮೊದಲ ಎರಡು ದಿನ ಪುರುಷರದು, ಮೂರನೆಯ ದಿನ ಮಹಿಳೆಯರದು. ಏಳು ವರ್ಷ ನಿಂತುಹೋಗಿದ್ದ ಲೀಗ್ ಮತ್ತೆ ಎದ್ದು ಬರುತ್ತಿದ್ದ ಸಂದರ್ಭ ಅದು. ಪುರುಷರ ಎಂಟು ತಂಡಗಳು, ಪ್ರತಿ ತಂಡದ ಕೈಯಲ್ಲಿ 4 ಕೋಟಿ ರೂಪಾಯಿ, ತಂಡಕ್ಕೆ 24 ಆಟಗಾರರು, ಅವರಲ್ಲಿ 16 ಮಂದಿ ಭಾರತೀಯರು, ಆ ಹದಿನಾರರಲ್ಲಿ ನಾಲ್ವರು ಜೂನಿಯರ್‌ಗಳು ಕಡ್ಡಾಯ ಎಂಬ ನಿಯಮಗಳು ತಮಗೆ ತಿಳಿಯದವೇನಲ್ಲ. ಆ ಎಂಟು ತಂಡಗಳ ಹೆಸರನ್ನು ಮಾತ್ರ ತಾವು ಇನ್ನೊಮ್ಮೆ ನಿಧಾನವಾಗಿ ಓದಬೇಕೆಂದು ನನ್ನ ಕೋರಿಕೆ. ದೆಹಲಿ ಇತ್ತು, ಉತ್ತರ ಪ್ರದೇಶ ಇತ್ತು, ಬಂಗಾಳ ಇತ್ತು, ಒಡಿಶಾದ ಕಳಿಂಗ ಇತ್ತು, ಪಂಜಾಬಿನವರ ಸೂರ್ಮಾ ಇತ್ತು. ಪಕ್ಕದ ಹೈದರಾಬಾದಿನ ತೂಫಾನ್ಸ್ ಇತ್ತು, ಪಕ್ಕದ ತಮಿಳುನಾಡಿನ ಡ್ರ್ಯಾಗನ್ಸ್ ಇತ್ತು, ವಿಶಾಖಪಟ್ಟಣದ ಗೋನಾಸಿಕ ಇತ್ತು. ದಕ್ಷಿಣದಿಂದಲೇ ಮೂರು ತಂಡಗಳು. ಸುತ್ತಲಿನವರೆಲ್ಲ ಕುಳಿತ ಪಂಕ್ತಿಯಲ್ಲಿ ನಮಗೊಬ್ಬರಿಗೆ ಎಲೆ ಹಾಕಿರಲಿಲ್ಲ.

ಪುರುಷರ ಹರಾಜಿನ ಆ ಎರಡು ದಿನ ನನ್ನ ಮನೆಯ ಜಗಲಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕುಳಿತಿದ್ದ. ಹೆಸರು ಬರೆಯುವುದಿಲ್ಲ, ಅವನಿಗೆ ಅದು ಇಷ್ಟವಿಲ್ಲ. ಹರಾಜಿಗೆ ಹೆಸರು ನೋಂದಾಯಿಸಿದ್ದ. ಮೂಲ ಬೆಲೆ 2 ಲಕ್ಷ ರೂಪಾಯಿ. ಅವನ ತಂದೆ ತೋಟದ ಕೆಲಸದಲ್ಲಿ ಎರಡು ವರ್ಷಕ್ಕೂ ಅಷ್ಟು ಉಳಿಸಿದವರಲ್ಲ. ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು, ಸಿಗ್ನಲ್ ಹೋದಾಗಲೆಲ್ಲ ಅಂಗಳಕ್ಕೆ ಓಡಿ, ನಾವಿಬ್ಬರೂ ನೋಡಿದೆವು. ಭಾರತ ತಂಡದ ನಾಯಕ ಹರ್ಮನ್‌ಪ್ರೀತ್ ಸಿಂಗ್‌ಗೆ ಸೂರ್ಮಾದವರು 78 ಲಕ್ಷ ಕೂಗಿದಾಗ ಅವನು ಚಪ್ಪಾಳೆ ತಟ್ಟಿದ. ಎರಡನೆಯ ದಿನ ಸಂಜೆಯಾಗುತ್ತಾ ಬಂದಂತೆ ಮಾತು ನಿಲ್ಲಿಸಿದ. ಅವನ ಪಕ್ಕದಲ್ಲಿಯೇ ಅವನ ಸ್ಟಿಕ್ ಇತ್ತು. ಬಾಗಿದ ತುದಿ ಸೀಳಿದ್ದ ಜಾಗಕ್ಕೆ ಎಂ-ಸೀಲ್ ಮೆತ್ತಿ, ಉಜ್ಜಿ, ಮೇಲೆ ಬಟ್ಟೆ ಅಂಟಿಸಿ, ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದ. ಆ ಪಟ್ಟಿಯನ್ನು ಬಿಚ್ಚುವುದು, ಮತ್ತೆ ಬಿಗಿಯಾಗಿ ಸುತ್ತುವುದು, ಹೀಗೆ ಹರಾಜು ಮುಗಿಯುವವರೆಗೂ ಮಾಡುತ್ತಿದ್ದ. ಅವನ ಹೆಸರನ್ನು ಯಾರೂ ಕೂಗಲಿಲ್ಲ. "ಬರ್ತೀನಿ ಸಾರ್" ಎಂದು ಹೇಳಿ ಎದ್ದು ಹೋದ. ಈಗ ಕುಶಾಲನಗರದ ಕಡೆ ಒಂದು ಕಾಫಿ ವರ್ಕ್ಸ್‌ನಲ್ಲಿ ಮೂಟೆಗಳ ಲೆಕ್ಕ ಬರೆಯುತ್ತಿದ್ದಾನೆ.

ಅವನು ಎಲ್ಲರಿಗಿಂತ ಉತ್ತಮ ಆಟಗಾರನಾಗಿದ್ದ, ಅನ್ಯಾಯವಾಯಿತು ಎಂದು ನಾನು ಹೇಳುತ್ತಿಲ್ಲ. ಅವನ ಆಟವನ್ನು ಕಣ್ಣಾರೆ ಕಂಡವರು ಯಾರೂ ಆ ಕೋಣೆಯಲ್ಲಿ ಇರಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಎಂಟು ತಂಡಗಳಿಗೆ ತಲಾ ನಾಲ್ವರಂತೆ ಲೆಕ್ಕ ಹಾಕಿದರೆ ಇಡೀ ದೇಶದ ಹುಡುಗರಿಗೆ ಕಡ್ಡಾಯವಾಗಿ ಮೀಸಲಾದದ್ದು 32 ಜಾಗ. ಹರ್ಮನ್‌ಪ್ರೀತ್, ಹಾರ್ದಿಕ್ ಸಿಂಗ್ ಅಂಥವರನ್ನು ಯಾವ ಊರಿನ ಮಾಲೀಕನಾದರೂ ಗುರುತಿಸುತ್ತಾನೆ. ಹದಿನೆಂಟು ಹತ್ತೊಂಬತ್ತರ ಹುಡುಗನನ್ನು ಗುರುತಿಸಬೇಕಾದರೆ ಅವನ ಜಿಲ್ಲೆಯ ಮೈದಾನದ ಅಂಚಿನಲ್ಲಿ ನಿಂತು ನೋಡಿದ ತರಬೇತುದಾರನೊಬ್ಬ ತಂಡದ ಮೇಜಿನಲ್ಲಿ ಇರಬೇಕಾಗುತ್ತದೆ. ಅರಿಯಲೂರಿನ ಸೆಲ್ವಂ ಕಾರ್ತಿ ತಮಿಳುನಾಡಿನ ತಂಡದಲ್ಲಿಯೇ ಆಡಿದರು. ಹಾಗೆ ತನ್ನ ಹುಡುಗನನ್ನು ತನ್ನ ಹೆಸರಿನ ಅಂಗಿಯಲ್ಲಿ ಆಡಿಸುವ ಭಾಗ್ಯ ಕರ್ನಾಟಕಕ್ಕೆ ಇಲ್ಲ, ಏಕೆಂದರೆ ಅಂಗಿಯೇ ಇಲ್ಲ.

ಇದು ಇಂದು ನಿನ್ನೆಯ ಕೊರತೆಯಲ್ಲ. 2012ರ ಡಿಸೆಂಬರಿನಲ್ಲಿ ನಡೆದ ಮೊದಲ ಹರಾಜಿನಲ್ಲಿ ಸರ್ದಾರ್ ಸಿಂಗ್ 78,000 ಡಾಲರ್‌ಗೆ ದೆಹಲಿ ಸೇರಿದರೆ, ಅವರ ಹಿಂದೆಯೇ 76,000 ಡಾಲರ್ ಪಡೆದವರು ನಮ್ಮ ಕೊಡಗಿನ ವಿ.ಆರ್. ರಘುನಾಥ್. ಅವರನ್ನು ಕೊಂಡದ್ದು ಉತ್ತರ ಪ್ರದೇಶ ವಿಜಾರ್ಡ್ಸ್. ಅವರು ಆ ತಂಡದ ನಾಯಕರೂ ಆದರು. ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರನ್ನು 42,000 ಡಾಲರ್‌ಗೆ ಪಂಜಾಬ್ ವಾರಿಯರ್ಸ್ ಒಯ್ದಿತು. ಬಲಬದಿಯ ಗೆರೆಯುದ್ದಕ್ಕೂ ಸುನಿಲ್ ಓಡುವಾಗ ನಮ್ಮ ಪೇಟೆಯ ಚಹಾದಂಗಡಿಯಲ್ಲಿ ಟಿ.ವಿ. ಮುಂದೆ ನಿಂತವರೆಲ್ಲ ಪಂಜಾಬ್ ಗೆಲ್ಲಲಿ ಎಂದು ಕೂಗುತ್ತಿದ್ದರು. ಅದೇ ಸಂಜೆ ಉತ್ತರ ಪ್ರದೇಶದ ಪಂದ್ಯವಿದ್ದರೆ ರಘುನಾಥ್‌ಗಾಗಿ ಅದಕ್ಕೂ ಕೂಗಬೇಕು. ಅವರಿಬ್ಬರೂ ಎದುರಾದ ದಿನ ಅಂಗಡಿಯಲ್ಲಿ ಜಗಳ. ಇಂಥ ಜಗಳ ಬೇರೆ ಯಾವ ರಾಜ್ಯದ ಅಭಿಮಾನಿಗಳ ಹಣೆಯಲ್ಲಿ ಬರೆದಿದೆ, ಹೇಳಿ.

ತಂಡ ಕೊಟ್ಟಾಗ ನಾವು ಆಡಿ ತೋರಿಸಲಿಲ್ಲವೇ? 2005ರಿಂದ 2008ರವರೆಗೆ ನಾಲ್ಕು ಬಾರಿ ನಡೆದ ಪ್ರೀಮಿಯರ್ ಹಾಕಿ ಲೀಗ್‌ನಲ್ಲಿ 2006ರಲ್ಲಿ ಗೆದ್ದದ್ದು ಬೆಂಗಳೂರು ಲಯನ್ಸ್, 2008ರಲ್ಲಿ ಗೆದ್ದದ್ದು ಬೆಂಗಳೂರು ಹೈ-ಫ್ಲೈಯರ್ಸ್. ನಾಲ್ಕರಲ್ಲಿ ಎರಡು ಪ್ರಶಸ್ತಿ ಒಂದೇ ಊರಿಗೆ. 2012ರ ವರ್ಲ್ಡ್ ಸೀರೀಸ್ ಹಾಕಿಯಲ್ಲಿ ಅರ್ಜುನ್ ಹಾಲಪ್ಪ ನಾಯಕತ್ವದ ಕರ್ನಾಟಕ ಲಯನ್ಸ್ ಇತ್ತು. ದೇಶದ ಹಾಕಿ ಆಡಳಿತ ಸಂಸ್ಥೆಯಾದ ಹಾಕಿ ಇಂಡಿಯಾ ಮಾನ್ಯತೆ ನೀಡದ ಆ ಪಂದ್ಯಾವಳಿ ಒಂದೇ ವರ್ಷಕ್ಕೆ ಕಣ್ಣು ಮುಚ್ಚಿತು. ಅಲ್ಲಿಂದೀಚೆಗೆ ಲೀಗ್ ಹಾಕಿಯಲ್ಲಿ ನಮ್ಮ ರಾಜ್ಯದ ಹೆಸರಿಲ್ಲ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ ಅವರಂಥವರನ್ನು ದೇಶಕ್ಕೆ ಕೊಟ್ಟ ನಾಡು ಇದು. ಭಾರತ ತಂಡ ವರ್ಷದ ಬಹುಕಾಲ ಶಿಬಿರ ಹೂಡಿ ಅಭ್ಯಾಸ ಮಾಡುವುದು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ. ನಮ್ಮ ನೀರು ಕುಡಿದು, ನಮ್ಮ ಮೈದಾನದಲ್ಲಿ ಬೆವರು ಸುರಿಸಿ ಸಿದ್ಧರಾದವರು ಲೀಗ್ ಬಂದ ಕೂಡಲೇ ರಾಂಚಿಗೂ ಚೆನ್ನೈಗೂ ಭುವನೇಶ್ವರಕ್ಕೂ ಹೊರಡುತ್ತಾರೆ.

ಇನ್ನು ನನ್ನ ಅರ್ಜಿಯ ಕಥೆ. ಹರಾಜು ಮುಗಿದ ಮುಂದಿನ ತಿಂಗಳು ನಾನು ಮೈದಾನದಿಂದ ಮೈದಾನಕ್ಕೆ ತಿರುಗಿ 312 ಸಹಿ ಸಂಗ್ರಹಿಸಿದೆ. ನನ್ನ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ಆಗ ಏಳು ತಿಂಗಳಾಗಿತ್ತು. ಬಸ್ಸಿನ ಮೆಟ್ಟಿಲು ಹತ್ತಲು ಕಂಡಕ್ಟರ್ ಕೈ ಹಿಡಿಯಬೇಕಾಗಿತ್ತು. "ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಕರ್ನಾಟಕದ ತಂಡ ಭಾಗವಹಿಸುವಂತೆ ಕ್ರಮ ಕೈಗೊಳ್ಳುವ ಬಗ್ಗೆ" ಎಂದು ವಿಷಯ ಬರೆದು, ಸಹಿಗಳ ನೆರಳಚ್ಚು ಲಗತ್ತಿಸಿ, ಸರ್ಕಾರಿ ಕಚೇರಿಯೊಂದಕ್ಕೆ ಸಲ್ಲಿಸಿ ಸ್ವೀಕೃತಿ ಪಡೆದೆ. ಒಂದು ತಿಂಗಳ ಬಳಿಕ ಹೋದಾಗ ಕಡತ ಮೇಲಧಿಕಾರಿಗಳ ಮುಂದಿದೆ ಎಂದರು. ಮತ್ತೆ ಹೋದೆ, ಮೇಲಧಿಕಾರಿಗಳು ಸಭೆಯಲ್ಲಿದ್ದರು. ಮೂರನೆಯ ಸಲ ಸಂಬಂಧಪಟ್ಟ ಗುಮಾಸ್ತರು ವರ್ಗವಾಗಿದ್ದರು. ನಾಲ್ಕನೆಯ ಸಲ ಕಡತವೇ ಸಿಗಲಿಲ್ಲ; ನನ್ನ ಸ್ವೀಕೃತಿಯ ನೆರಳಚ್ಚು ಕೊಟ್ಟು ಬಂದೆ. ಪ್ರತಿ ಸಲ ಬೆಳಿಗ್ಗೆ ಹೊರಟರೆ ಮನೆ ಮುಟ್ಟುವಾಗ ಕತ್ತಲೆ. ಒಂಬತ್ತು ತಿಂಗಳಿಗೆ ಅಂಚೆಯಲ್ಲಿ ಹಿಂಬರಹ ಬಂತು. ಅಕ್ಷರ ಬದಲಿಸದೆ ಇಲ್ಲಿ ಬರೆಯುತ್ತಿದ್ದೇನೆ: "ತಮ್ಮ ಮನವಿಯಲ್ಲಿ ಕೋರಿರುವಂತೆ ಹಾಕಿ ಹರಾಜಿನ ಬಗ್ಗೆ ಪರಿಶೀಲಿಸಲಾಗಿ, ಈ ಕಚೇರಿಯ ದಾಸ್ತಾನಿನಲ್ಲಿ ಹರಾಜು ಹಾಕಬಹುದಾದ ನಿರುಪಯುಕ್ತ ಹಾಕಿ ಸಾಮಗ್ರಿಗಳು ಇರುವುದಿಲ್ಲ. ಆದ್ದರಿಂದ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ."

ಮಾನ್ಯರೇ, ನಾನು ಹಳೆಯ ಸ್ಟಿಕ್ಕುಗಳನ್ನು ಕೊಳ್ಳಲು ಹೋಗಿರಲಿಲ್ಲ. 312 ಜನ ಸಹಿ ಹಾಕಿದ ಎರಡು ಪುಟದ ಅರ್ಜಿಯನ್ನು ಒಂಬತ್ತು ತಿಂಗಳಲ್ಲಿ ಒಬ್ಬರೂ ಮೊದಲ ಸಾಲಿನಾಚೆಗೆ ಓದಲಿಲ್ಲ. ಮೊಹರು ಮಾತ್ರ ನೆಟ್ಟಗೆ ಬಿದ್ದಿದೆ, ಕ್ರಮಾಂಕ ಸರಿಯಾಗಿದೆ, ದಿನಾಂಕ ಸರಿಯಾಗಿದೆ. ಆ ಹಾಳೆಯನ್ನು ಕೈಯಲ್ಲಿ ಹಿಡಿದು ನಾನು ಬಹಳ ಹೊತ್ತು ಕುಳಿತಿದ್ದೆ. ಸಹಿ ಹಾಕಿದವರಲ್ಲಿ 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ತಂಡಗಳೊಂದಿಗೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿಯ ಮೊದಲ ವರ್ಷ ಆಡಿದ್ದ ಹಿರಿಯರಿದ್ದರು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬದವರು ನಡೆಸಿದ ಅದೇ ಉತ್ಸವದಲ್ಲಿ 396 ಕುಟುಂಬಗಳ ತಂಡಗಳಿದ್ದವು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವ ಊರಿನವರಿಗೆ, ನಿಮ್ಮ ಬೇಡಿಕೆ ಗುಜರಿ ಸಾಮಾನಿನದು ಎಂದು ಸರ್ಕಾರ ಬರೆದು ಕಳುಹಿಸಿದರೆ ನಾನು ಅವರಿಗೆ ಏನೆಂದು ಉತ್ತರಿಸಲಿ?

ಅವಕಾಶ ಇರಲಿಲ್ಲ ಎಂದು ಮಾತ್ರ ದಯವಿಟ್ಟು ಹೇಳಬೇಡಿ. 2025ರಲ್ಲಿ ಉತ್ತರ ಪ್ರದೇಶದ ರುದ್ರಾಸ್ ತಂಡ ಲೀಗ್‌ನಿಂದ ಹಿಂದೆ ಸರಿಯಿತು. ಗೋನಾಸಿಕದ ಜಾಗಕ್ಕೆ ರಾಂಚಿಯ ಹೆಸರು ಬಂತು. ರುದ್ರಾಸ್ ತೆರವು ಮಾಡಿದ ಜಾಗವನ್ನು ತುಂಬಲು ಲೀಗ್‌ನ ಆಡಳಿತ ಮಂಡಳಿಯೇ ಒಂದು ತಂಡವನ್ನು ನಡೆಸಬೇಕಾಯಿತು. 2026ರ ಜನವರಿಯಲ್ಲಿ ಆ ತಂಡ ಯಾವ ಊರಿನ ಹೆಸರೂ ಇಲ್ಲದೆ ಮೈದಾನಕ್ಕಿಳಿಯಿತು. ಊರಿಲ್ಲದ ತಂಡವೊಂದು ಅಲ್ಲಿ, ತಂಡವಿಲ್ಲದ ಊರು ಇಲ್ಲಿ. ಇವೆರಡನ್ನು ಜೋಡಿಸಲು ಬೇಕಾದದ್ದು ದೆಹಲಿಗೆ ಒಂದು ಪತ್ರ, ಬೆಂಗಳೂರಿನಲ್ಲಿ ಒಂದು ಸಭೆ.

ತಡವಾದಷ್ಟೂ ಕಷ್ಟ ಹೆಚ್ಚುತ್ತದೆ. ಈಗಿರುವ ತಂಡಗಳು ತಮಗೆ ಬೇಕಾದವರನ್ನು ಉಳಿಸಿಕೊಂಡು, ಬೇಡವೆನಿಸಿದವರನ್ನು ಬಿಟ್ಟ ಮೇಲೆಯೇ 2025ರ ಸೆಪ್ಟೆಂಬರಿನ ಕಿರು ಹರಾಜು ನಡೆಯಿತು. ಮುಂದೆಯೂ ಇದೇ ಪದ್ಧತಿ ನಡೆದರೆ ಹೊಸದಾಗಿ ಬರುವ ತಂಡ ಇತರರು ಬಿಟ್ಟುಕೊಟ್ಟವರಿಂದಲೇ ಆರಂಭಿಸಬೇಕು. ನಮ್ಮ ಮೈದಾನದ ಕಟ್ಟೆಯ ಮೇಲೆ ಭಾನುವಾರ ಸಂಜೆ ಹುಡುಗರು ಇದನ್ನೇ ಚರ್ಚಿಸುತ್ತಾರೆ. ನಮಗೆ ತಂಡ ಬಂದರೆ ಮೊದಲು ಯಾರನ್ನು ಕೊಳ್ಳಬೇಕು, ಹಣದಲ್ಲಿ ಎಷ್ಟು ಭಾಗವನ್ನು ಪೆನಾಲ್ಟಿ ಕಾರ್ನರ್ ಹೊಡೆಯುವವನಿಗೆ ಇಡಬೇಕು, ಗೋಲಿಗೆ ವಿದೇಶಿ ಆಟಗಾರ ಬೇಕೋ ನಮ್ಮವನೇ ಸಾಕೋ, ಬೇರೆ ತಂಡದಲ್ಲಿರುವ ನಮ್ಮ ಹುಡುಗರನ್ನು ಬಿಡಿಸಿಕೊಂಡು ಬರಲು ದಾರಿಯೇನು ಎಂದು ಕತ್ತಲಾಗುವವರೆಗೆ ವಾದ. ದೊಡ್ಡ ಹೆಸರಿಗೆ ಅರ್ಧ ಹಣ ಸುರಿಯಬೇಡಿ, ನಾಲ್ವರು ಜೂನಿಯರ್‌ಗಳ ಜಾಗಕ್ಕೆ ಎಂಟು ಜನರನ್ನು ತೆಗೆದುಕೊಳ್ಳಿ ಎಂಬುದು ನನ್ನ ಪಕ್ಷ. ಇಷ್ಟು ಮನಸ್ಸಿಟ್ಟು ಅವರು ಕಟ್ಟುವ ತಂಡ ಕಟ್ಟೆಯ ಮೇಲೆಯೇ ಮುಗಿದುಹೋಗುತ್ತದೆ.

ಸರ್ಕಾರವೇ ತಂಡವನ್ನು ಕೊಳ್ಳಬೇಕೆಂದು ನಾನು ಹಟ ಹಿಡಿದಿಲ್ಲ. 2018ರಿಂದ ಭಾರತ ತಂಡಗಳ ಪ್ರಾಯೋಜಕತ್ವವನ್ನೇ ಹೊತ್ತ ಒಡಿಶಾ ಸರ್ಕಾರದಷ್ಟು ದೊಡ್ಡ ಕೈಯನ್ನೂ ಕೇಳುತ್ತಿಲ್ಲ. ಕ್ರಿಕೆಟ್ಟಿಗೆ ರಾಯಲ್ ಚಾಲೆಂಜರ್ಸ್, ಕಬಡ್ಡಿಗೆ ಬುಲ್ಸ್, ಫುಟ್ಬಾಲಿಗೆ ಬೆಂಗಳೂರು ಎಫ್‌ಸಿ ಇರುವ ನಗರದಲ್ಲಿ ಹಾಕಿಗೆ ಹಣ ಹೂಡುವ ಒಬ್ಬ ಮಾಲೀಕ ಸಿಗುವುದಿಲ್ಲವೆಂದರೆ ನಾನು ನಂಬುವುದಿಲ್ಲ. ಅವರನ್ನು ಕರೆಯುವವರು ಬೇಕು. ಶಾಂತಿನಗರದ ಅಕ್ಕಿತಿಮ್ಮನಹಳ್ಳಿ ಕ್ರೀಡಾಂಗಣವನ್ನು ಲೀಗ್‌ಗೆ ತಕ್ಕಂತೆ ಸಜ್ಜುಗೊಳಿಸಿಕೊಡುತ್ತೇವೆ ಎಂಬ ಭರವಸೆಯನ್ನು ಸರ್ಕಾರ ಬರವಣಿಗೆಯಲ್ಲಿ ಕೊಡಬೇಕು. ಕರ್ನಾಟಕ ಸಿದ್ಧವಿದೆ ಎಂದು ಹಾಕಿ ಇಂಡಿಯಾಕ್ಕೆ ತಾವೇ ಸಹಿ ಮಾಡಿ ತಿಳಿಸಬೇಕು. ತಂಡ ಪಡೆದವರು ಜೂನಿಯರ್ ಜಾಗಗಳಿಗೆ ಕೊಡಗು, ಬೆಂಗಳೂರು, ಹುಬ್ಬಳ್ಳಿ, ಗದಗದ ಮೈದಾನಗಳಿಗೆ ಬಂದು ಹುಡುಗರನ್ನು ನೋಡಬೇಕೆಂಬ ಷರತ್ತನ್ನೂ ಸೇರಿಸಬೇಕು. ಹೆಣ್ಣುಮಕ್ಕಳ ಲೀಗ್ 2025ರಲ್ಲಿ ನಾಲ್ಕೇ ತಂಡಗಳಿಂದ ಆರಂಭವಾಗಿದೆ. ಅಲ್ಲಿಯೂ ನಮಗೊಂದು ಜಾಗ ಕೇಳಬೇಕು.

ಕರ್ನಾಟಕಕ್ಕೆ ಒಂದು ತಂಡ ಬೇಕು. ಕಳೆದ ಅರ್ಜಿಯಲ್ಲಿ ಇದು ಸ್ಪಷ್ಟವಾಗಿರಲಿಲ್ಲವೆಂದು ತೋರುತ್ತದೆ, ಆದ್ದರಿಂದ ಮತ್ತೊಮ್ಮೆ ಬರೆಯುತ್ತೇನೆ: ಹಾಕಿ ಆಡುವ ತಂಡ, 24 ಆಟಗಾರರ ತಂಡ, ಮುಂದಿನ ಹರಾಜಿಗೆ ಮೊದಲು. 312 ಸಹಿಗಳ ಮೂಲ ಪ್ರತಿ ನನ್ನ ಬಳಿಯೇ ಇದೆ. ತಾವು ದಿನ ಮತ್ತು ವೇಳೆ ತಿಳಿಸಿದರೆ ವಿಧಾನಸೌಧಕ್ಕೆ ನಾನೇ ತಂದುಕೊಡುತ್ತೇನೆ. ಮೊಣಕಾಲು ಈಗ ಸ್ವಲ್ಪ ಗುಣವಾಗಿದೆ, ಮೆಟ್ಟಿಲು ಹತ್ತಬಲ್ಲೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಸೋಮವಾರಪೇಟೆ ತಾಲ್ಲೂಕು, ಕೊಡಗು ಜಿಲ್ಲೆ.

ಅಡಕ: 1. ಸಹಿಗಳ ನೆರಳಚ್ಚು. 2. ಕಚೇರಿಯಿಂದ ಬಂದ ಹಿಂಬರಹದ ನೆರಳಚ್ಚು.